ಬಿಟ್ಟ ತಾರೀಖು

ಐದನೇ ಕಾಲಮ್ಮಿನಾಗ ಪೆನ್ನು ನಿಂತು
ಇಪ್ಪತ್ತು ನಿಮಿಷ ಆತು.
'ಕೆಲಸ ಬಿಟ್ಟ ದಿನಾಂಕ.'
ಕಿಟಕಿ ಆಚೆ ಕುಂತ ಹುಡುಗ, ಕೊರಳಾಗ ನೀಲಿ ಪಟ್ಟಿ,
'ಯಾವತ್ತು ಬಿಡಿಸಿದ್ರು, ಅದನ್ನ ಬರೀರಿ' ಅಂತಾನ.

ಯಾವತ್ತು?
ತಾರಿಹಾಳದ ಎಂಟು ಎಕರೆಗೆ ತಡೆಯಾಜ್ಞೆ ಬಂದು
ಬಿಳಿ ಕಲ್ಲೆಲ್ಲಾ ಹುಲ್ಲಿನಾಗ ಮುಳುಗಿದ ದಿನಾನೋ?
ನಾ ತೋರಿಸಿದ ಮನೀನ ನವನಗರದ ಮಾಸ್ತರ್ರು
ಎರಡು ದಿನ ಬಿಟ್ಟು ಮಾಲಕನ ಕಡೆಯಿಂದ ನೇರ ಹಿಡಿದು
'ಹೆಂಗದೀರಿ ಹೊಂಬಳವರ' ಅಂತ ನಕ್ಕ ದಿನಾನೋ?
ಇಲ್ಲಾ, ಫೋನು ಸುಮ್ಮನಾದ ದಿನ?
ಫೋನು ಒಂದೇ ದಿನಕ್ಕ ಸುಮ್ಮನಾಗಂಗಿಲ್ಲ.
ಮೊದ್ಲು ಮುಂಜಾನಿ ಸುಮ್ಮನಾತು,
ಆಮ್ಯಾಲೆ ರವಿವಾರ.
ಕಡೀಕ ಬ್ಯಾಂಕಿನ ಸಾಲದ ಹುಡುಗಿ ಒಬ್ಬಾಕಿ ಉಳಿದ್ಲು,
ಆಕಿಗೂ ಅಂದೆ: 'ಕಾರ್ನರ್ ಸೈಟ್ ಒಂದೈತಿ, ನೋಡವಾ.'

ನಾಕನೇ ಕಾಲಮ್ಮು: 'ಮಾಲಕರ ಹೆಸರು.'
ಡೆವಲಪರ್ಸ್ ಅಂತ ಬರೆದಿದ್ದೆ. ಹುಡುಗ ಗೆರಿ ಹೊಡೆದ.
'ನೀವು ಅವರ ನೌಕರರಲ್ಲ.'
ಅಲ್ಲೋ ತಮ್ಮಾ,
ಒಂಬತ್ತಕ್ಕ ಬಾ ಅಂದಾವ ಅವ,
ಹಳದಿ ಅಂಗಿ ಹಾಕ್ಕೊ ಅಂದಾವ ಅವ,
ತಿಂಗಳಿಗೆ ಮೂರು ಬುಕಿಂಗ್ ಆಗಲಿಲ್ಲಂದ್ರ
ಮೀಟಿಂಗಿನಾಗ ನಿಂದ್ರಿಸಿ ಬೈದಾವ ಅವ.
ಗಾಡಿ ನಂದು, ಪೆಟ್ರೋಲು ನಂದು, ಅಳತಿ ಟೇಪು ನಂದು,
ಗಿರಾಕಿಗೆ ಕುಡಿಸಿದ ಕಬ್ಬಿನ ಹಾಲೂ ನಂದು.
ವ್ಯವಹಾರ ಕೂಡಿದ್ರ ನೂರಕ್ಕ ಎರಡು,
ಕೂಡದಿದ್ರ ಬಿಸಲು.

ನಾನ ಕೊಟ್ಟ ಕರಾರಿನ ಝೆರಾಕ್ಸ್ ತಿರುವಿ
ಹನ್ನೊಂದನೇ ಸಾಲಿಗೆ ಬಟ್ಟು ಇಟ್ಟ:
'ಸದರಿಯವರು ಸ್ವತಂತ್ರ ಪ್ರತಿನಿಧಿ.'
ಕೆಳಗ ಸಹಿ. ಚನಬಸು ಗು. ಹೊಂಬಳ.
ಬಾಲ ಎಳದು ಮಾಡಿದ ಸಹಿ. ಅವತ್ತು ಖುಷಿಯಾಗಿದ್ದೆ,
ದುರ್ಗದಬೈಲಿನಾಗ ನಾಕು ಮಂದಿಗೆ ಗಿರ್ಮಿಟ್ ತಿನಿಸಿದ್ದೆ.

ಸ್ವತಂತ್ರ.
ನನ್ನ ಹೆಂಡ್ತಿ ಶಾವಕ್ಕ ಬೆಂಗೇರಿಯಾಗ ಝಂಡಾ ಹೊಲೀತಾಳ.
ಚಕ್ರ ಎರಡೂ ಕಡಿ ಒಂದರ ಮ್ಯಾಲೊಂದು ಕೂಡಬೇಕು,
ಒಂದು ಎಳಿ ತಪ್ಪಿದ್ರ ಬಿಚ್ಚಿ ಮತ್ತ ಹೊಲೀಬೇಕು.
ಆಕಿ ಹೆಸರು ಹಾಜರಿ ಪುಸ್ತಕದಾಗ ಐತಿ.
ಒಂದಿನ ತಪ್ಪಿಸಿದ್ರ ಯಾಕವಾ ಅಂತ ಕೇಳಾಕ ಒಬ್ರರ ಅದಾರ.
ನನ್ನ ಆರು ತಿಂಗಳಿಂದ ಯಾರೂ ಕೇಳಿಲ್ಲ.

ಹತ್ತೊಂಬತ್ತು ವರ್ಷದ ದಲ್ಲಾಳಿ ನಾನು.
ಯಾವ ಓಣಿಗೆ ಎಂಟು ದಿನಕ್ಕೊಮ್ಮೆ ನೀರು,
ಯಾವ ಮಾಲಕಿ ಅಡಗಿ ವಾಸನಿ ಹಿಡಿದು ಜಾತಿ ಕೇಳ್ತಾಳ,
ಎಲ್ಲಾ ಬಾಯಿಪಾಠ.
ದಾವಲಸಾಬ ನದಾಫಗ ಒಂದು ಮನಿ ಹುಡುಕಾಕ
ಹದಿನೇಳು ಬಾಗಿಲು ಬಡಿದಿದ್ದೆ.
ಅರ್ಧಾ ಕಮಿಷನ್ ತಗೊಂಡೆ, ಸುಳ್ಳ್ಯಾಕ.
ಬಾಗಿಲ ಲೆಕ್ಕ ಬರಿಯಾಕ ಕಾಲಮ್ಮಿಲ್ಲ.

ಶಿಕ್ಕಾ ಬಿತ್ತು: 'ಅರ್ಹರಲ್ಲ.'
ನೇರಳಿ ಶಾಯಿ, ಚೂರು ಡೊಂಕು.

ಹಾಳಿ ಮಡಚಿ ಎದ್ದೆ.
ಹಿಂದಿನಿಂದ ಹುಡುಗ, ದನಿ ಇಳಿಸಿ:
'ಕಾಕಾ, ಧಾರವಾಡದಾಗ ಏಳು ಸಾವಿರದೊಳಗ ಒಂದು ಮನಿ...
ಕೆಳಗಿಂದು ಬೇಕು, ಅವ್ವಗ ಮೊಣಕಾಲು ಬ್ಯಾನಿ.
ಅಡ್ವಾನ್ಸ್ ಭಾಳ ಆಗಂಗಿಲ್ಲ.
ಮಾರ್ಚಿಗೆ ನನ್ನ ಗುತ್ತಿಗಿ ಮುಗೀತದ.'
ಕೊರಳ ಪಟ್ಟಿ ತಿರುವಿ ತೋರಿಸಿದ.
ಸರಕಾರದ ಹೆಸರಿಲ್ಲ, ಯಾವುದೋ ಏಜೆನ್ಸಿ.

ಕೈ ತಾನ ಕಿಸೆಗೆ ಹೋತು, ಡೈರಿ ಬಂತು.
ಸಪ್ತಾಪುರ, ಎರಡು ಖೋಲಿ, ಹಿತ್ತಲದಾಗ ಬಾವಿ,
ಮಾಲಕ ಒಬ್ಬನ, ರಾತ್ರಿ ಕೆಮ್ಮತಾನ.
'ನಾಳೆ ಐದಕ್ಕ ಬಾ. ಒಂದು ತಿಂಗಳ ಬಾಡಿಗಿ ನಂದು,
ಮೊದಲ ಹೇಳಿರ್ತೀನಿ.'
ಅವ ನಕ್ಕ. 'ಮತ್ತ ಕೆಲಸಿಲ್ಲ ಅಂತ ಬರಕೊಟ್ಟೀರಿ?'

ಚಿಗರಿ ಬಸ್ಸಿನಾಗ, ಉಣಕಲ್ ದಾಟೂ ಮುಂದ,
ಹಾಳಿ ಮತ್ತೊಮ್ಮೆ ಬಿಚ್ಚಿದೆ.
ಐದನೇ ಕಾಲಮ್ಮು ಹಂಗ ಖಾಲಿ ಬಿದ್ದಿತ್ತು.
ಚೌಕ ಜಾಗ, ಸುತ್ತೂ ಗೆರಿ,
ಪೂರ್ವಕ್ಕ ಮುಖ.